ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು: ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದ ಮೇಲೆ ಸಮಯ ಹಿಂದೆ ಬಿದ್ದರೆ

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲಾರಿ ತೂಗುವ ಕಾಟಾ ಇದೆ. ಅಲ್ಲಿನ ಲ್ಯಾಪ್‌ಟಾಪ್‌ನಲ್ಲಿ ನಾನು ಬರೆದ ಸಾಫ್ಟ್‌ವೇರ್ ಓಡುತ್ತದೆ. ತೊಗರಿ ತುಂಬಿದ ಲಾರಿ ಒಳಗೆ ಬರುವಾಗ ಒಂದು ತೂಕ, ಖಾಲಿಯಾಗಿ ಹೊರಗೆ ಹೋಗುವಾಗ ಇನ್ನೊಂದು. ಎರಡು ತೂಕ, ಎರಡು ಸಮಯ, ಒಂದು ಚೀಟಿ. ಬೇಸಿಗೆಯಲ್ಲಿ ಒಂದು ದಿನ ಅಲ್ಲಿನ ಮುನೀಮರು ಫೋನ್ ಮಾಡಿದರು.

"ಸರ್ರ, ಚೀಟಿನ್ಯಾಗ ಟೈಮ್ ತಪ್ಪ್ ಬರ್ಲತ್ತದ ನೋಡ್ರಿ. ಗಾಡಿ ಹನ್ನೆರಡೂ ನಲವತ್ತಕ್ಕ ಒಳಗ ಬಂದದ, ಎರಡೂ ಐವತ್ತಕ್ಕ ಹೊರಗ ಹೊಂಟದ. ಚೀಟಿ ಮ್ಯಾಲ ಒಂದೂ ಮೂವತ್ತೆಂಟು ಅಂತ ಬಿದ್ದದ. ಡ್ರೈವರ್ ಹಾಲ್ಟಿಂಗ್ ರೊಕ್ಕಕ್ಕ ಜಗಳಕ್ಕ ನಿಂತಾನ."

"ಲ್ಯಾಪ್‌ಟಾಪಿನ ಮೂಲ್ಯಾಗಿನ ಗಡಿಯಾರ ಏನ್ ತೋರಸ್ತದ್ರೀ?"

"ಅದು ಬರೋಬರಿ ಅದರಿ."

ಈ ಕೊನೆಯ ಮಾತನ್ನು ನಾನು ಅವತ್ತೇ ಗಮನಕೊಟ್ಟು ಕೇಳಬೇಕಿತ್ತು. ಪರದೆಯ ಮೂಲೆಯ ಗಡಿಯಾರ ಸರಿ ಇದ್ದು ಚೀಟಿ ಮಾತ್ರ ತಪ್ಪಿದ್ದರೆ, ಯಂತ್ರಕ್ಕೆ ಸಮಯ ಗೊತ್ತಿದೆ ಅಂತ ಅರ್ಥ. ಪ್ರೋಗ್ರಾಂ ಅದನ್ನು ಕೇಳುತ್ತಿಲ್ಲ, ಅಷ್ಟೇ. ಆದರೆ ಡ್ರೈವರ್‌ನ ಹಾಲ್ಟಿಂಗ್, ಅಂದರೆ ಲಾರಿ ಕಾದು ನಿಂತ ಹೊತ್ತಿನ ಲೆಕ್ಕದಲ್ಲಿ ಎರಡು ಗಂಟೆ ಹತ್ತು ನಿಮಿಷ ಐವತ್ತೆಂಟು ನಿಮಿಷವಾಗಿ ಇಳಿದಿತ್ತು. ಅವನಿಗೆ ಅದು ದುಡಿದ ಹಣ. ಹಾಗಾಗಿ ಎಲ್ಲರಿಗೂ ಅವಸರ. ರಿಪೇರಿಯವರು ಬಂದು ಮದರ್‌ಬೋರ್ಡಿನ ಸೆಲ್ ಬದಲಿಸಿ ಹೋದರು. ಇನ್ನೊಬ್ಬರು ತಗಡಿನ ಶೆಡ್ಡಿನ ಕಾವಿಗೆ ಗಡಿಯಾರ ಕೆಟ್ಟಿದೆ ಅಂದರು. ಪ್ರತಿ ಸಲವೂ ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದ ಕೂಡಲೇ ಚೀಟಿ ಸರಿ ಬರುತ್ತಿತ್ತು. ರಿಪೇರಿ ಆಯಿತು ಅಂತ ಎಲ್ಲರೂ ನಂಬುತ್ತಿದ್ದರು. ಮರುದಿನ ಮಧ್ಯಾಹ್ನ ಮತ್ತೆ ಅದೇ ಕಥೆ.

ಮೊದಲು ತಪ್ಪು ಎಷ್ಟು ಅಂತ ಅಳೆಯಿರಿ

ಸಮಯದ ದೋಷದಲ್ಲಿ ಯಾವುದಕ್ಕೂ ಕೈ ಹಾಕುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ನಿಜವಾದ ಸಮಯ ಒಂದು ಕಡೆ, ಪ್ರೋಗ್ರಾಂ ತೋರಿಸಿದ ಸಮಯ ಇನ್ನೊಂದು ಕಡೆ ಬರೆಯಿರಿ. ಒಂದು ಸಾಲು ಸಾಲದು, ಇಡೀ ದಿನದ್ದು ಬೇಕು.

ನಮ್ಮ ಪುಣ್ಯಕ್ಕೆ ಮಿಲ್‌ನ ಬಾಗಿಲಲ್ಲಿ ವಾಚ್‌ಮನ್ ಕೈಯಲ್ಲಿ ಬರೆಯುವ ಗೇಟ್ ರಿಜಿಸ್ಟರ್ ಇತ್ತು. ಅದನ್ನೂ ಚೀಟಿಗಳ ಕಟ್ಟನ್ನೂ ಪಕ್ಕದಲ್ಲಿಟ್ಟುಕೊಂಡು ಕೂತೆ. ರಿಜಿಸ್ಟರ್‌ನಲ್ಲಿ 12:40, ಚೀಟಿಯಲ್ಲೂ 12:40. ಆಮೇಲೆ 2:50ಕ್ಕೆ 1:38. ಮುಂದೆ 4:15ಕ್ಕೆ 3:03. ಸಂಜೆ 6:10ಕ್ಕೆ 4:35. ಕಳೆದು ನೋಡಿ. ಊಟದ ಮೊದಲು ತಪ್ಪು ಸೊನ್ನೆ. ಊಟದ ನಂತರ 72 ನಿಮಿಷ, ಚಹಾ ಹೊತ್ತಿನವರೆಗೂ ಅದೇ 72. ಚಹಾ ಆದ ಮೇಲೆ 95.

ತಪ್ಪು ನಿಧಾನಕ್ಕೆ ಬೆಳೆಯುತ್ತಿಲ್ಲ, ಮೆಟ್ಟಿಲು ಏರುತ್ತಿದೆ. ಎರಡು ಮೆಟ್ಟಿಲಿನ ನಡುವೆ ಒಂದು ನಿಮಿಷವೂ ಹೆಚ್ಚುಕಡಿಮೆ ಇಲ್ಲ. ಊಟಕ್ಕೆ ಹೋಗುವಾಗ ಏನು ಮಾಡ್ತೀರಿ ಅಂತ ಮುನೀಮರನ್ನು ಕೇಳಿದೆ. ಲ್ಯಾಪ್‌ಟಾಪ್ ಮುಚ್ಚಿ ಮೇಲೊಂದು ಟವೆಲ್ ಹಾಕ್ತೀನಿ ಅಂದರು. ದಾಲ್ ಮಿಲ್ ನೋಡಿದವರಿಗೆ ಕಾರಣ ಗೊತ್ತು. ತೊಗರಿ ಹೊಟ್ಟಿನ ಧೂಳು ಸಣ್ಣ ಹಿಟ್ಟಿನ ಹಾಗೆ ಎಲ್ಲದರ ಮೇಲೂ ಕೂರುತ್ತದೆ. ಹತ್ತು ನಿಮಿಷ ಬಿಟ್ಟರೆ ಕೀಬೋರ್ಡ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಮುಚ್ಚಿದರೆ ಲ್ಯಾಪ್‌ಟಾಪ್ ನಿದ್ದೆಗೆ ಹೋಗುತ್ತದೆ. ಊಟಕ್ಕೆ 72 ನಿಮಿಷ, ಚಹಾಗೆ 23. ಕೂಡಿದರೆ 95. ರಾತ್ರಿ ಪೂರ್ತಿ ಆಫ್ ಮಾಡುತ್ತಾರೆ, ಹಾಗಾಗಿ ಬೆಳಿಗ್ಗೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ತಪ್ಪಿನ ಅಳತೆಯಿಂದಲೇ ಬೇರೆ ಕಾರಣಗಳನ್ನೂ ಗುರುತಿಸಬಹುದು. ಸರಿಯಾಗಿ ಐದೂವರೆ ಗಂಟೆ ಹೆಚ್ಚುಕಡಿಮೆ ಇದ್ದರೆ ಅದು ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಯಂತ್ರ. ವಿಂಡೋಸ್ ಬೋರ್ಡಿನ ಗಡಿಯಾರದಲ್ಲಿ ಭಾರತದ ಸಮಯ ಇಡುತ್ತದೆ, ಲಿನಕ್ಸ್ ಅಲ್ಲಿ ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ ಇದೆ ಅಂದುಕೊಳ್ಳುತ್ತದೆ. ದಿನಾಂಕವೇ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಸೆಲ್ ಅನುಮಾನಿಸಿ. ಆ ನಾಣ್ಯದಂಥ 3 ವೋಲ್ಟ್ ಸೆಲ್ ಕೆಲಸಕ್ಕೆ ಬರುವುದು ಯಂತ್ರಕ್ಕೆ ಬೇರೆ ಕರೆಂಟ್ ಇಲ್ಲದಾಗ. ನಿದ್ದೆಯಲ್ಲಿ ಲ್ಯಾಪ್‌ಟಾಪಿನ ದೊಡ್ಡ ಬ್ಯಾಟರಿ ಇದ್ದೇ ಇರುತ್ತದಲ್ವಾ? ಹಾಗಾಗಿ ಬರೀ ನಿದ್ದೆಯ ನಂತರ ಬರುವ ತಪ್ಪಿಗೆ ಸೆಲ್ ಬದಲಿಸಿ ಪ್ರಯೋಜನ ಇಲ್ಲ.

ಕಾವಿನ ಮಾತು ಪೂರ್ತಿ ಸುಳ್ಳಲ್ಲ. ಬೋರ್ಡಿನ ಗಡಿಯಾರ ಒಂದು ಸಣ್ಣ ಕ್ವಾರ್ಟ್ಜ್ ಹರಳಿನ ಮೇಲೆ ನಡೆಯುತ್ತದೆ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಹರಳುಗಳನ್ನು ಸುಮಾರು 25 ಡಿಗ್ರಿಗೆ ಹೊಂದಿಸಿರುತ್ತಾರೆ. ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ನಿಧಾನ ಆಗುತ್ತವೆ. ವ್ಯತ್ಯಾಸದ ಡಿಗ್ರಿಯನ್ನು ಅದರಿಂದಲೇ ಗುಣಿಸಿ, ಮತ್ತೆ 0.034ರಿಂದ ಗುಣಿಸಿದರೆ ಹತ್ತು ಲಕ್ಷಕ್ಕೆ ಎಷ್ಟು ನಿಧಾನ ಅಂತ ಸಿಗುತ್ತದೆ. ನಮ್ಮ ಕಡೆ ಮೇ ತಿಂಗಳ ಬಿಸಿಲಿಗೆ 43 ಡಿಗ್ರಿ ಹಿಡಿಯಿರಿ. ವ್ಯತ್ಯಾಸ 18. ಹತ್ತು ಲಕ್ಷಕ್ಕೆ 11ರಷ್ಟು, ಅಂದರೆ ದಿನಕ್ಕೆ ಒಂದು ಸೆಕೆಂಡಿನ ಆಸುಪಾಸು. ಬಿಸಿಲು ದಿನಕ್ಕೆ ಒಂದು ಸೆಕೆಂಡ್ ಕದಿಯಬಹುದು, ಊಟದ ಹೊತ್ತಿನಲ್ಲಿ 72 ನಿಮಿಷ ಕದಿಯಲಾರದು.

ಒಂದೇ ಯಂತ್ರ, ಹಲವು ಗಡಿಯಾರ

ಕಂಪ್ಯೂಟರ್‌ನಲ್ಲಿ ಒಂದೇ ಗಡಿಯಾರ ಇದೆ ಅಂದುಕೊಂಡರೆ ಈ ದೋಷ ಯಾವತ್ತೂ ಅರ್ಥ ಆಗುವುದಿಲ್ಲ. ಮಿಲ್‌ನ ಲ್ಯಾಪ್‌ಟಾಪ್ ನಡೆಯುವುದು ಲಿನಕ್ಸ್‌ನಲ್ಲಿ. ಅಲ್ಲಿ ಪ್ರೋಗ್ರಾಂ ಕೇಳಬಹುದಾದ ಮುಖ್ಯ ಗಡಿಯಾರಗಳು ಮೂರು.

ಮೊದಲನೆಯದು ರಿಯಲ್‌ಟೈಮ್. ಗೋಡೆ ಗಡಿಯಾರದ ಹಾಗೆ, ಈಗ ಎಷ್ಟು ಗಂಟೆ ಅಂತ ಹೇಳುತ್ತದೆ. ಯಾರಾದರೂ ಮುಳ್ಳು ತಿರುಗಿಸಿದರೆ ಹಿಂದೆ ಮುಂದೆ ಹೋಗುತ್ತದೆ. ಇಂಟರ್ನೆಟ್‌ನಿಂದ ಸಮಯ ಸರಿಪಡಿಸುವ ಎನ್‌ಟಿಪಿ ಕೂಡ ಇದನ್ನೇ ತಿರುಗಿಸುವುದು.

ಎರಡನೆಯದು ಮೊನೊಟೊನಿಕ್. ಇದಕ್ಕೆ ಗಂಟೆ ಗೊತ್ತಿಲ್ಲ. ಯಂತ್ರ ಶುರುವಾದಾಗಿನಿಂದ ಎಷ್ಟು ಸೆಕೆಂಡ್ ಎಣಿಸಿದೆ ಅಂತ ಮಾತ್ರ ಹೇಳುತ್ತದೆ. ಯಾವತ್ತೂ ಹಿಂದಕ್ಕೆ ಹೋಗುವುದಿಲ್ಲ. ಆದರೆ ಯಂತ್ರ ಮಲಗಿದರೆ ಇದೂ ಮಲಗುತ್ತದೆ.

ಮೂರನೆಯದು ಬೂಟ್‌ಟೈಮ್. ಮೊನೊಟೊನಿಕ್‌ನ ತಮ್ಮನ ಹಾಗೆ. ವ್ಯತ್ಯಾಸ ಒಂದೇ, ಮಲಗಿದ ಹೊತ್ತನ್ನೂ ಇದು ಲೆಕ್ಕಕ್ಕೆ ಹಿಡಿಯುತ್ತದೆ. 2011ರಲ್ಲಿ ಬಂದ ಲಿನಕ್ಸ್ 2.6.39ರಿಂದ ಇದೆ.

ಯಂತ್ರ ಮಲಗಿದಾಗ ಎಣಿಸುವವರು ಯಾರು? ಸಾಮಾನ್ಯವಾಗಿ ಬೋರ್ಡಿನ ಆ ಹರಳಿನ ಗಡಿಯಾರ. ಎದ್ದ ಕೂಡಲೇ ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಎಷ್ಟು ಹೊತ್ತು ಮಲಗಿದ್ದೆ ಅಂತ ಲೆಕ್ಕ ಹಾಕಿ ರಿಯಲ್‌ಟೈಮ್‌ಗೂ ಬೂಟ್‌ಟೈಮ್‌ಗೂ ಕೂಡಿಸುತ್ತದೆ. ಮೊನೊಟೊನಿಕ್‌ಗೆ ಬೇಕಂತಲೇ ಕೂಡಿಸುವುದಿಲ್ಲ. ಪರದೆಯ ಮೂಲೆಯ ಗಡಿಯಾರ ಸರಿ ಇದ್ದದ್ದೂ ಚೀಟಿ ತಪ್ಪಿದ್ದೂ ಇದೇ ಕಾರಣಕ್ಕೆ.

ಎರಡು ನಿಮಿಷದ ಪರೀಕ್ಷೆ

ಊಹೆ ಸಾಕಾಗುವುದಿಲ್ಲ, ಕಣ್ಣಾರೆ ನೋಡಬೇಕು. ಪೈಥಾನ್‌ನಲ್ಲಿ ಮೂರು ಸಾಲಿನ ಪ್ರೋಗ್ರಾಂ ಬರೆದೆ. ಮೂರೂ ಗಡಿಯಾರ ಓದಿ ತೋರಿಸುವುದಷ್ಟೇ ಅದರ ಕೆಲಸ. ಪೈಥಾನ್ 3.7ರಿಂದ ಬೂಟ್‌ಟೈಮ್ ಅನ್ನೂ ನೇರವಾಗಿ ಕೇಳಬಹುದು. ಆಮೇಲೆ ಯಂತ್ರವನ್ನು 120 ಸೆಕೆಂಡ್ ಮಲಗಿಸಿದೆ. ಅದಕ್ಕೆ ಲಿನಕ್ಸ್‌ನಲ್ಲಿ 'ಆರ್‌ಟಿಸಿ ವೇಕ್' ಅನ್ನುವ ಕಮಾಂಡ್ ಇದೆ. ರೂಟ್, ಅಂದರೆ ಯಂತ್ರದ ಪೂರ್ಣ ಅಧಿಕಾರದ ಅನುಮತಿಯಿಂದ ಓಡಿಸಬೇಕು. ಮೋಡ್ 'ಮೆಮ್', ಸೆಕೆಂಡ್ 120 ಅಂತ ಕೊಟ್ಟರೆ, ಹರಳಿನ ಗಡಿಯಾರದಲ್ಲಿ ಅಲಾರಂ ಇಟ್ಟು ಯಂತ್ರವನ್ನು ಮಲಗಿಸುತ್ತದೆ. ಎಬ್ಬಿಸುವುದೂ ಅದೇ. ಮೊದಲು ತೆರೆದ ಕೆಲಸವೆಲ್ಲ ಸೇವ್ ಮಾಡಿಕೊಳ್ಳಿ.

ಮಲಗುವ ಮೊದಲು ಕಂಡದ್ದು: ರಿಯಲ್‌ಟೈಮ್ 14:05:10, ಮೊನೊಟೊನಿಕ್ 8,412, ಬೂಟ್‌ಟೈಮ್ 12,732. ಆಗಲೇ ಕೊನೆಯ ಎರಡರ ನಡುವೆ 4,320 ಸೆಕೆಂಡ್ ಅಂತರ ಇತ್ತು. 60ರಿಂದ ಭಾಗಿಸಿ. 72. ಊಟದ ಹೊತ್ತು ಕಣ್ಣ ಮುಂದೆಯೇ ಕೂತಿತ್ತು.

ಎದ್ದ ಮೇಲೆ: ರಿಯಲ್‌ಟೈಮ್ 14:07:22, ಮೊನೊಟೊನಿಕ್ 8,426, ಬೂಟ್‌ಟೈಮ್ 12,864. ಗೋಡೆ ಗಡಿಯಾರವೂ ಬೂಟ್‌ಟೈಮೂ 132 ಸೆಕೆಂಡ್ ಮುಂದೆ ಹೋಗಿವೆ. ಮೊನೊಟೊನಿಕ್ ಬರೀ 14. ಅಂತರ 4,438ಕ್ಕೆ ಏರಿತು, ಅಂದರೆ 118 ಹೆಚ್ಚು. 120ಕ್ಕೆ ಎರಡು ಕಡಿಮೆ ಯಾಕೆ ಅಂದರೆ, ಅಲಾರಂ ಇಟ್ಟ ಮೇಲೆ ಯಂತ್ರ ಪೂರ್ತಿ ಮಲಗಲು ಒಂದೆರಡು ಸೆಕೆಂಡ್ ಬೇಕು.

ಯಂತ್ರ ಯಾವಾಗ ಮಲಗಿತ್ತು ಅಂತ ಹಳೆಯ ದಾಖಲೆ ನೋಡಬೇಕಾದರೆ 'ಜರ್ನಲ್ ಸಿಟಿಎಲ್' ಬಳಸಿ. ಅಲ್ಲಿ 'ಸಸ್ಪೆಂಡ್ ಎಂಟ್ರಿ', 'ಸಸ್ಪೆಂಡ್ ಎಕ್ಸಿಟ್' ಅಂತ ಸಾಲುಗಳು ಸಿಗುತ್ತವೆ. ಕರ್ನೆಲ್ ಸಂದೇಶ ತೋರಿಸುವ 'ಡಿ-ಮೆಸೇಜ್' ಕಮಾಂಡ್‌ಗೆ ದೊಡ್ಡಕ್ಷರದ 'ಟಿ' ಕೊಟ್ಟು ಗಂಟೆ ಓದಲು ಹೋಗಬೇಡಿ. ಅದು ಕೂಡ ನಿದ್ದೆಯನ್ನು ಎಣಿಸದ ಗಡಿಯಾರದಿಂದಲೇ ಗಂಟೆ ಲೆಕ್ಕ ಹಾಕುತ್ತದೆ. ಒಂದು ಸಲ ಮಲಗಿ ಎದ್ದ ಯಂತ್ರದಲ್ಲಿ ಆ ಗಂಟೆಗಳು ತಪ್ಪಿರಬಹುದು. ನಾನು ಅರ್ಧ ದಿನ ಅದನ್ನು ನಂಬಿ ಕೂತಿದ್ದೆ. ಹುಡುಕುವ ದೋಷವೇ ಹುಡುಕುವ ಸಾಧನದಲ್ಲೂ ಇದ್ದರೆ ಏನೂ ತಾಳೆ ಆಗುವುದಿಲ್ಲ.

ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್ ನೋಡಿ. ಕರ್ನೆಲ್-ಪವರ್‌ನ 42ನೇ ಈವೆಂಟ್ ಅಂದರೆ ಮಲಗಿತು. ಪವರ್-ಟ್ರಬಲ್‌ಶೂಟರ್‌ನ 1ನೇ ಈವೆಂಟ್‌ನಲ್ಲಿ ಮಲಗಿದ ಸಮಯ, ಎದ್ದ ಸಮಯ ಎರಡೂ ಇರುತ್ತವೆ.

ತಪ್ಪು ಇದ್ದ ಜಾಗ

ನನ್ನ ಪ್ರೋಗ್ರಾಂ ಶುರುವಾದಾಗ ಒಮ್ಮೆ ಮಾತ್ರ ಗೋಡೆ ಗಡಿಯಾರ ನೋಡುತ್ತಿತ್ತು. ಆಮೇಲೆ ಪ್ರತಿ ಚೀಟಿಗೂ ಆ ಶುರುವಿನ ಸಮಯಕ್ಕೆ ಮೊನೊಟೊನಿಕ್ ಎಣಿಸಿದ ಸೆಕೆಂಡ್ ಕೂಡಿಸುತ್ತಿತ್ತು. ಇದನ್ನು ಸುಮ್ನೆ ಬರೆದದ್ದಲ್ಲ. ಅದಕ್ಕೂ ಮೊದಲು ಒಮ್ಮೆ ಎನ್‌ಟಿಪಿ ಗಡಿಯಾರವನ್ನು ನಾಲ್ಕು ನಿಮಿಷ ಹಿಂದಕ್ಕೆ ಎಳೆದಿತ್ತು. ಒಂದು ಟೆಂಪೋ ಒಳಗೆ ಬರುವ ಮೊದಲೇ ಹೊರಗೆ ಹೋದ ಹಾಗೆ ಚೀಟಿ ಬಂದಿತ್ತು. ಹಿಂದೆ ಹೋಗದ ಗಡಿಯಾರ ಬೇಕು ಅಂತ ಮೊನೊಟೊನಿಕ್ ಹಿಡಿದೆ. ಒಂದು ದೋಷ ಮುಚ್ಚಲು ಹೋಗಿ ಇನ್ನೊಂದನ್ನು ತಂದೆ.

ಈ ಸಲ ಸರಿಪಡಿಸುವಾಗ, ಕೋಡ್‌ನಲ್ಲಿ ಸಮಯ ಕೇಳುವ ಪ್ರತಿ ಜಾಗಕ್ಕೂ ಹೋಗಿ ಒಂದೇ ಪ್ರಶ್ನೆ ಕೇಳಿಕೊಂಡೆ. ಇಲ್ಲಿ ಬೇಕಾಗಿರುವುದು ಗಂಟೆ ಎಷ್ಟಾಯಿತು ಅನ್ನುವುದಾ, ಎಷ್ಟು ಹೊತ್ತಾಯಿತು ಅನ್ನುವುದಾ? ಹೊತ್ತಾದರೆ, ಮಲಗಿದ ಹೊತ್ತು ಅದರಲ್ಲಿ ಸೇರಬೇಕಾ ಬೇಡವಾ?

ಚೀಟಿ ಮೇಲಿನ ಸಮಯಕ್ಕೆ ಬೇಕಾದದ್ದು ಗಂಟೆ. ಹಾಗಾಗಿ ಪ್ರತಿ ಚೀಟಿಗೂ ಗೋಡೆ ಗಡಿಯಾರವನ್ನೇ ಹೊಸದಾಗಿ ಕೇಳುವಂತೆ ಮಾಡಿದೆ. ಡೇಟಾಬೇಸ್‌ನಲ್ಲಿ ಯುಟಿಸಿ ಇಟ್ಟು, ಛಾಪಿಸುವಾಗ ಐದೂವರೆ ಗಂಟೆ ಕೂಡಿಸುತ್ತೇನೆ. ಯಾವ ಚೀಟಿ ಮೊದಲು, ಯಾವುದು ಆಮೇಲೆ ಅನ್ನುವುದನ್ನು ಸಮಯದಿಂದ ತೀರ್ಮಾನಿಸುವುದನ್ನೇ ಬಿಟ್ಟೆ. ಅದಕ್ಕೆ ಏರುತ್ತಾ ಹೋಗುವ ಕ್ರಮಸಂಖ್ಯೆ ಸಾಕು. ಟೆಂಪೋ ವಿಷಯದಲ್ಲೂ ನಾನು ಮೊದಲೇ ಮಾಡಬೇಕಿದ್ದದ್ದು ಇದೇ.

ಹಾಲ್ಟಿಂಗ್ ಲೆಕ್ಕಕ್ಕೆ ಬೇಕಾದದ್ದು ಹೊತ್ತು. ಲ್ಯಾಪ್‌ಟಾಪ್ ಮಲಗಿದ್ದರೂ ಲಾರಿ ಅಂಗಳದಲ್ಲಿ ನಿಂತೇ ಇರುತ್ತದೆ. ಹಾಗಾಗಿ ಇಲ್ಲಿ ಬೂಟ್‌ಟೈಮ್. ಎನ್‌ಟಿಪಿ ಗೋಡೆ ಗಡಿಯಾರವನ್ನು ಎಳೆದರೂ ಇದು ಹಿಂದೆ ಮುಂದೆ ಜಿಗಿಯುವುದಿಲ್ಲ. ಒಂದು ಎಚ್ಚರ ಬೇಕು. ಯಂತ್ರ ಪೂರ್ತಿ ಆಫ್ ಆಗಿ ಆನ್ ಆದರೆ ಬೂಟ್‌ಟೈಮ್ ಸೊನ್ನೆಯಿಂದ ಶುರುವಾಗುತ್ತದೆ. ರಾತ್ರಿ ನಿಂತು ಬೆಳಿಗ್ಗೆ ಹೋಗುವ ಲಾರಿಗಳೂ ಇರುತ್ತವಲ್ವಾ? ಅದಕ್ಕೆ ಪ್ರತಿ ತೂಕದ ಜೊತೆ ಯುಟಿಸಿ, ಬೂಟ್‌ಟೈಮ್, ಬೂಟ್ ಐಡಿ ಮೂರನ್ನೂ ಬರೆದಿಡುತ್ತೇನೆ. ಬೂಟ್ ಐಡಿ ಅಂದರೆ ಪ್ರತಿ ಸಲ ಯಂತ್ರ ಶುರುವಾದಾಗ ಲಿನಕ್ಸ್ ಕೊಡುವ ಹೊಸ ಗುರುತು. ಎರಡೂ ತೂಕದಲ್ಲಿ ಅದು ಒಂದೇ ಇದ್ದರೆ ಬೂಟ್‌ಟೈಮ್ ಕಳೆಯುತ್ತೇನೆ. ಬೇರೆ ಇದ್ದರೆ ಯುಟಿಸಿ ಕಳೆಯುತ್ತೇನೆ.

ಹಾಗಾದರೆ ಮೊನೊಟೊನಿಕ್ ಬೇಡವೇ ಬೇಡವಾ? ಬೇಕು. ಕಾಟಾ ಮೇಲೆ ಲಾರಿ ಹತ್ತಿದಾಗ ತೂಕ ಅಲ್ಲಾಡುತ್ತದೆ. ಮೂರು ಸೆಕೆಂಡ್ ಅಂಕಿ ಬದಲಾಗದೆ ನಿಂತರೆ ಮಾತ್ರ ನಾನು ಅದನ್ನು ಒಪ್ಪುತ್ತೇನೆ. ಈ ಮೂರು ಸೆಕೆಂಡ್‌ಗೆ ಬೂಟ್‌ಟೈಮ್ ಹಾಕಿದ್ದರೆ ಏನಾಗುತ್ತಿತ್ತು ನೋಡಿ. ಲಾರಿ ಹತ್ತುವಾಗಲೇ ಯಾರೋ ಲ್ಯಾಪ್‌ಟಾಪ್ ಮುಚ್ಚಿದರು ಅನ್ನಿ. ಊಟ ಮುಗಿಸಿ ತೆರೆದರು. ಕೊನೆಗೆ ಓದಿದ ಅಂಕಿ 72 ನಿಮಿಷದಿಂದ ಬದಲಾಗಿಲ್ಲ, ಹಾಗಾದರೆ ತೂಕ ನಿಂತಿದೆ ಅಂತ ಪ್ರೋಗ್ರಾಂ ತಪ್ಪು ತೂಕವನ್ನು ಒಪ್ಪಿಬಿಡುತ್ತಿತ್ತು. ಯಂತ್ರ ಎಚ್ಚರವಾಗಿ ನೋಡಿದ ಮೂರು ಸೆಕೆಂಡ್ ಬೇಕು. ಅದನ್ನು ಮೊನೊಟೊನಿಕ್ ಮಾತ್ರ ಕೊಡುತ್ತದೆ.

ಮೊನೊಟೊನಿಕ್ ಮಲಗುವುದು ಯಾರದೋ ಮರೆವಿನಿಂದಲ್ಲ. 2018ರಲ್ಲಿ ಲಿನಕ್ಸ್ 4.17 ತಯಾರಾಗುವಾಗ ಅದನ್ನೂ ಬೂಟ್‌ಟೈಮ್ ಹಾಗೆ ನಡೆಸಲು ನೋಡಿದ್ದರು. ಮಲಗಿ ಎದ್ದ ಯಂತ್ರಗಳಲ್ಲಿ, ಅದು ನಿಂತಿರುತ್ತದೆ ಅಂತ ನಂಬಿ ಬರೆದ ಪ್ರೋಗ್ರಾಂಗಳು ಕೆಟ್ಟವು. ಬಿಡುಗಡೆಗೆ ಮೊದಲೇ ಆ ಬದಲಾವಣೆ ವಾಪಸ್ ಆಯಿತು.

ಬೇರೆ ಯಂತ್ರಗಳಲ್ಲಿ

ನನ್ನ ಮನೆಯ ವಿಂಡೋಸ್ ಯಂತ್ರದಲ್ಲಿ ಅದೇ ಹಳೆಯ ಕೋಡ್ ಓಡಿಸಿ, ಮಲಗಿಸಿ ಎಬ್ಬಿಸಿದೆ. ಚೀಟಿ ಸರಿಯಾಗಿ ಬಂತು! ಕಾರಣ ಇದೆ. ವಿಂಡೋಸ್‌ನ 'ಗೆಟ್ ಟಿಕ್ ಕೌಂಟ್ 64' ಮತ್ತು 'ಕ್ವೆರಿ ಪರ್ಫಾರ್ಮೆನ್ಸ್ ಕೌಂಟರ್' ಎರಡೂ ನಿದ್ದೆಯನ್ನು ಎಣಿಸುತ್ತವೆ. ಎಣಿಸದ ಗಡಿಯಾರ ಬೇಕಾದರೆ 'ಕ್ವೆರಿ ಅನ್‌ಬಯಾಸ್ಡ್ ಇಂಟರಪ್ಟ್ ಟೈಮ್' ಕೇಳಬೇಕು. ಪೈಥಾನ್‌ನ ಮೊನೊಟೊನಿಕ್ ವಿಂಡೋಸ್‌ನಲ್ಲಿ ಎಣಿಸುವ ಗಡಿಯಾರದ ಮೇಲೆ ನಿಂತಿದೆ, ಲಿನಕ್ಸ್‌ನಲ್ಲಿ ಎಣಿಸದ ಗಡಿಯಾರದ ಮೇಲೆ. ಒಂದೇ ಹೆಸರು, ಎರಡು ನಡತೆ. ಮನೆಯಲ್ಲಿ ಸರಿ, ಕಾಟಾದಲ್ಲಿ ತಪ್ಪು ಆಗುವುದು ಹೀಗೆ.

ಮ್ಯಾಕ್‌ನಲ್ಲಿ 'ಮ್ಯಾಕ್ ಆಬ್ಸೊಲ್ಯೂಟ್ ಟೈಮ್' ನಿದ್ದೆಯಲ್ಲಿ ನಿಲ್ಲುತ್ತದೆ, 'ಮ್ಯಾಕ್ ಕಂಟಿನ್ಯುಅಸ್ ಟೈಮ್' ನಡೆಯುತ್ತದೆ. ಆಂಡ್ರಾಯ್ಡ್ ಆ್ಯಪ್ ಬರೆಯುವವರು 'ಅಪ್‌ಟೈಮ್ ಮಿಲಿಸ್' ನಿಲ್ಲುತ್ತದೆ, 'ಎಲಾಪ್ಸ್ಡ್ ರಿಯಲ್‌ಟೈಮ್' ನಡೆಯುತ್ತದೆ ಅಂತ ನೆನಪಿಡಬೇಕು. ಗೋ ಭಾಷೆಯಲ್ಲಿ ಇನ್ನೊಂದು ಸಿಕ್ಕು ಇದೆ. 2017ರ 1.9ನೇ ಆವೃತ್ತಿಯಿಂದ 'ಟೈಮ್ ನೌ' ಗಂಟೆಯ ಜೊತೆ ಮೊನೊಟೊನಿಕ್ ಅಂಕಿಯನ್ನೂ ಒಳಗೆ ಇಟ್ಟುಕೊಂಡಿರುತ್ತದೆ. ಎರಡು ಸಮಯ ಕಳೆದಾಗ ಬಳಸುವುದು ಆ ಒಳಗಿನ ಅಂಕಿಯನ್ನು. ನಿದ್ದೆಯನ್ನೂ ಸೇರಿಸಬೇಕಾದರೆ ಮೊದಲು 'ರೌಂಡ್' ಕರೆದು ಸೊನ್ನೆ ಕೊಟ್ಟು ಅದನ್ನು ಕಿತ್ತುಹಾಕಬೇಕು.

ಬ್ಯಾಕಪ್, ಲಾಗಿನ್, ಕೇಬಲ್

ಚೀಟಿ ಸರಿಯಾದ ಮೇಲೂ ಮೂರು ಕಡೆ ನಿದ್ದೆಯ ಪೆಟ್ಟು ಉಳಿದಿತ್ತು.

ಗಂಟೆಗೊಮ್ಮೆ ಬ್ಯಾಕಪ್ ಆಗಬೇಕಿತ್ತು. ಆದರೆ 'ಒಂದು ಗಂಟೆ ಕಾಯು' ಅನ್ನುವ ಟೈಮರ್ ನಿದ್ದೆಯಲ್ಲಿ ಕಾಯುವುದನ್ನೂ ನಿಲ್ಲಿಸುತ್ತದೆ. ಹೀಗಾಗಿ ಎಚ್ಚರದ ಗಂಟೆಗೊಮ್ಮೆ ಮಾತ್ರ ಬ್ಯಾಕಪ್ ಆಗುತ್ತಿತ್ತು. ಲಿನಕ್ಸ್‌ನಲ್ಲಿ ಹಿನ್ನೆಲೆ ಕೆಲಸಗಳನ್ನು ನಡೆಸುವ ಸಿಸ್ಟಮ್‌ಡಿಯ ಟೈಮರ್‌ನಲ್ಲಿ 'ಆನ್ ಕ್ಯಾಲೆಂಡರ್' ಬಳಸಿದೆ. ಮಲಗಿದ್ದಾಗ ಹೊತ್ತು ದಾಟಿದ್ದರೆ ಎದ್ದ ಕೂಡಲೇ ಓಡುತ್ತದೆ. ಪೂರ್ತಿ ಆಫ್ ಇದ್ದಾಗ ತಪ್ಪಿದ್ದನ್ನೂ ಓಡಿಸಲು 'ಪರ್ಸಿಸ್ಟೆಂಟ್' ಆನ್ ಮಾಡಬೇಕು.

ಸರ್ವರ್ ಕೊಟ್ಟ ಲಾಗಿನ್ ಟೋಕನ್‌ಗೆ, ಅಂದರೆ ಒಳಗೆ ಬಿಡುವ ತಾತ್ಕಾಲಿಕ ಗುರುತಿಗೆ, ಒಂದು ಗಂಟೆ ಆಯಸ್ಸು. ಎಷ್ಟು ಉಳಿದಿದೆ ಅಂತ ಮೊನೊಟೊನಿಕ್‌ನಲ್ಲಿ ಎಣಿಸಿದರೆ, ಸತ್ತ ಟೋಕನ್ ಇನ್ನೂ ಬದುಕಿದೆ ಅಂತ ಪ್ರೋಗ್ರಾಂ ನಂಬುತ್ತದೆ. ಇದಕ್ಕೂ ಬೂಟ್‌ಟೈಮ್ ಹಾಕಿದೆ.

ಮೂರನೆಯದು ತೂಕದ ಇಂಡಿಕೇಟರ್‌ನಿಂದ ಬರುವ ಯುಎಸ್‌ಬಿ ಸೀರಿಯಲ್ ಕೇಬಲ್. ಎದ್ದ ಮೇಲೆ ಅದು ಕೆಲವು ಸಲ ಬೇರೆ ಪೋರ್ಟ್ ಸಂಖ್ಯೆಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಹಾಗಾಗಿ ಯಂತ್ರ ಮಲಗಿ ಎದ್ದಿದೆ ಅಂತ ಪ್ರೋಗ್ರಾಂಗೆ ತಾನಾಗಿ ತಿಳಿಯಬೇಕಿತ್ತು. ಬೂಟ್‌ಟೈಮ್ ಮತ್ತು ಮೊನೊಟೊನಿಕ್ ನಡುವಿನ ಅಂತರವನ್ನು ಸೆಕೆಂಡಿಗೊಮ್ಮೆ ನೋಡುತ್ತೇನೆ. ಅದು ಬೆಳೆದಿದ್ದರೆ ನಿದ್ದೆ ಆಗಿದೆ. ಕೂಡಲೇ ಪೋರ್ಟ್ ಹುಡುಕಿ ಹೊಸದಾಗಿ ತೆರೆಯುತ್ತೇನೆ, ಅರ್ಧಕ್ಕೆ ನಿಂತ ತೂಕವನ್ನು ಬಿಡುತ್ತೇನೆ.

ಎದ್ದ ತಕ್ಷಣದ ಗಂಟೆಯನ್ನು ಎಷ್ಟು ನಂಬಬೇಕು?

ಮಿಲ್‌ನಲ್ಲಿ ಇಂಟರ್ನೆಟ್ ಅಂದರೆ ಮುನೀಮರ ಫೋನಿನ ಹಾಟ್‌ಸ್ಪಾಟ್. ಎದ್ದ ಮೇಲೆ ಅದು ಸೇರಲು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಗೋಡೆ ಗಡಿಯಾರ ನಿಂತಿರುವುದು ಆ ಹರಳಿನ ಮಾತಿನ ಮೇಲೆ. ಒಂದೆರಡು ಸೆಕೆಂಡ್ ತಪ್ಪಿರಬಹುದು. ಲಾರಿ ಚೀಟಿಗೆ ಇದು ಧಾರಾಳ ಸಾಕು. 30 ಸೆಕೆಂಡಿಗೊಮ್ಮೆ ಬದಲಾಗುವ ಲಾಗಿನ್ ಕೋಡ್‌ಗೂ ಸಾಕು. ಎನ್‌ಟಿಪಿ ಸರಿಯಾಗಿ ನಡೆಯುತ್ತಿದ್ದರೆ ಲಿನಕ್ಸ್ 11 ನಿಮಿಷಕ್ಕೊಮ್ಮೆ ಹರಳಿನ ಗಡಿಯಾರವನ್ನೂ ತಿದ್ದಬಲ್ಲದು. ಆದರೆ ಯಂತ್ರ ವಾರಗಟ್ಟಲೆ ಇಂಟರ್ನೆಟ್ ಕಾಣದಿದ್ದರೆ ತಪ್ಪು ಕೂಡುತ್ತಾ ಹೋಗುತ್ತದೆ. 'ಟೈಮ್‌ಡೇಟ್ ಸಿಟಿಎಲ್' ಓಡಿಸಿ, ಗಡಿಯಾರ ಸಿಂಕ್ ಆಗಿದೆಯಾ ಅಂತ ನೋಡಿ. ವಿಂಡೋಸ್‌ನಲ್ಲಿ ಅದಕ್ಕೆ 'ಡಬ್ಲ್ಯೂ 32 ಟಿಎಂ' ಇದೆ.

ಲ್ಯಾಪ್‌ಟಾಪ್ ಮುಚ್ಚಿದರೂ ಮಲಗದಂತೆ ಸೆಟ್ಟಿಂಗ್ ಮಾಡಿಬಿಡಿ ಅಂತ ಒಬ್ಬರು ಹೇಳಿದ್ದರು. ಕೋಡ್ ಸರಿ ಮಾಡುವವರೆಗೆ ಎರಡು ದಿನ ಹಾಗೇ ಇಟ್ಟಿದ್ದೆ. ಆಮೇಲೆ ತೆಗೆದೆ. ಕರೆಂಟ್ ಹೋದಾಗ ಬ್ಯಾಟರಿ ಉಳಿಯಬೇಕು, ಧೂಳಿನಿಂದ ಯಂತ್ರ ಉಳಿಯಬೇಕು. ಜನ ಯಂತ್ರ ಬಳಸುವ ರೀತಿಗೆ ಪ್ರೋಗ್ರಾಂ ಹೊಂದಿಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೊಸ ಕೋಡ್ ಹಾಕಿದ ದಿನ ನಾನು ಅಲ್ಲೇ ಇದ್ದೆ. ಮುನೀಮರು 1:15ಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಟವೆಲ್ ಹಾಕಿದರು. ಊಟ ಮುಗಿಸಿ ಬಂದು, ಟವೆಲ್ ಜಾಡಿಸಿ ತೆರೆದರು. ಒಂದು ಲಾರಿ ಕಾಟಾ ಹತ್ತಿತು. ತೂಕ ನಿಂತಿತು, ಚೀಟಿ ಹೊರಗೆ ಬಂತು: 2:41. ವಾಚ್‌ಮನ್ ಕಡೆ ತಿರುಗಿ "ನಿಂದೆಷ್ಟೋ?" ಅಂತ ಕೂಗಿದರು. ಅವನು ರಿಜಿಸ್ಟರ್ ಮೇಲೆ ಬೆರಳಿಟ್ಟು ಓದಿದ. "ಎರಡೂ ನಲವತ್ತೊಂದ್ರಿ."